ನೂರಿಪ್ಪತ್ತೇಳರ ಆಚೆ

ಟಿವಿಯಲ್ಲಿ ಯಮುನಮ್ಮನ ಬಾಯಿ ಆಡುತ್ತಿತ್ತು. ಕೇಳಿಸುತ್ತಿದ್ದದ್ದು ಸಿನಿಮಾ ಹಾಡು.

"ನೋಡು ದಿನೇಶ," ಎಂದರು ಕೆರಿಯಪ್ಪ. "ಬಾಯಿ ನನ್ನ ಹೆಂಡ್ತೀದು, ದನಿ ಯಾವಳದ್ದೋ. ಇದನ್ನ ಇಟ್ಕಂಡು ನಾನೆಂತ ಮಾಡ್ಲಿ?"

ಹೊಸನಗರದ ಬಸ್ ನಿಲ್ದಾಣದ ಎದುರು ದಿನೇಶನ ಸ್ಟುಡಿಯೋ. ಕೆರಿಯಪ್ಪ ಚೀಲದಲ್ಲಿ ತಂದಿದ್ದ ಡಿವಿಡಿ, ಹಲವು ವರ್ಷಗಳ ಹಿಂದೆ ಅವರ ಮನೆಯ ಮದುವೆಗೆ ಅವನೇ ಮಾಡಿಕೊಟ್ಟದ್ದು. ಕೆಮ್ಮಣ್ಣು ಬಳಿದ ಗೋಡೆ, ಅದರ ಮೇಲೆ ಬಿಳಿ ಗೆರೆಗಳಲ್ಲಿ ಬಿಡಿಸಿದ ಹಸೆ ಚಿತ್ತಾರ, ಅದರ ಮುಂದೆ ತಲೆ ತಗ್ಗಿಸಿ ಕೂತ ಮದುಮಕ್ಕಳು. ಪಕ್ಕದಲ್ಲಿ ನಿಂತು ಯಮುನಮ್ಮ ಹಾಡುತ್ತಿದ್ದರು. ಹಿಂದಿನ ಹೆಂಗಸರು ಸಾಲನ್ನು ತಿರುಗಿ ಹಾಡಿ ಸೊಲ್ಲು ಹಿಡಿಯುತ್ತಿದ್ದರು. ಅವರ ತುಟಿಗಳಿಗೂ ಟಿವಿಯ ಹಾಡಿಗೂ ಯಾವ ಸಂಬಂಧವೂ ಇರಲಿಲ್ಲ.

ಆ ಯಮುನಮ್ಮ ಈಗ ಗಂಡನ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಕುತ್ತಿಗೆಗೆ ತೆಳುವಾದ ಹತ್ತಿ ಬಟ್ಟೆ ಕಟ್ಟಿದ್ದರು. ಅದರ ಹಿಂದಿನ ತೂತಿನಲ್ಲಿ ಉಸಿರು ಬಂದು ಹೋಗುವುದು ಕೇಳುತ್ತಿತ್ತು. ಕಳೆದ ವರ್ಷ ಘಟ್ಟದ ಕೆಳಗಿನ ಆಸ್ಪತ್ರೆಯಲ್ಲಿ ಗಂಟಲಿನ ಕ್ಯಾನ್ಸರಿಗೆ ದನಿಪೆಟ್ಟಿಗೆಯನ್ನೇ ತೆಗೆದಿದ್ದರು.

"ಇಷ್ಟು ವರ್ಷ ಇವಳು ಹೇಳಿದ್ದು ನಾನು ಕೇಳಿದ್ದಾತು," ಎಂದರು ಕೆರಿಯಪ್ಪ. "ಈಗ ನಾನು ಹೇಳಿದ್ದಕ್ಕೆ ಎದುರು ಮಾತಿಲ್ಲ. ಯಾವ ಗಂಡಸಿಗೆ ಸಿಗ್ತದೆ ಈ ಭಾಗ್ಯ?"

ಯಮುನಮ್ಮ ಟಿವಿಯಿಂದ ಕಣ್ಣು ತೆಗೆಯದೆ ಅವರ ತೋಳಿಗೆ ಒಂದು ಪೆಟ್ಟು ಕೊಟ್ಟರು.

"ಹೊಡೆಯೋದೊಂದು ಬಿಟ್ಟಿಲ್ಲ ನೋಡು."

ಬಂದ ಕಾರಣವನ್ನೂ ಅವರೇ ಹೇಳಿದರು. ಮಗಳ ಮಗಳು ಧನ್ಯಶ್ರೀಗೆ ಮುಂದಿನ ತಿಂಗಳು ಮದುವೆ. ಯಮುನಮ್ಮನ ಕಡೆಯವರಲ್ಲಿ ಮದುಮಗಳನ್ನು ಹಸೆಗೆ ಕೂರಿಸುವಾಗ ಗೋಡೆಯ ಮೇಲೆ ಬರೆದದ್ದನ್ನೆಲ್ಲ ಒಂದೊಂದಾಗಿ ಹೆಸರಿಟ್ಟು ಹಾಡಬೇಕು. ಕಂಬ, ಏಣಿ, ತೊಟ್ಟಿಲು, ಸಸಿ, ಕೊನೆಗೆ ಮೂಲೆಯ ಸಣ್ಣ ಹಕ್ಕಿಯವರೆಗೆ. ಹೆಸರು ಹೇಳದೆ ಬಿಟ್ಟದ್ದು ಬರೆದೇ ಇಲ್ಲದ ಲೆಕ್ಕ. ಸೊಲ್ಲು ಹಿಡಿಯುವವರು ಊರಿನಲ್ಲಿ ಇನ್ನೂ ಇದ್ದರು, ಮುಂದಾಗಿ ಹಾಡನ್ನು ನಡೆಸುತ್ತಿದ್ದವರು ಯಮುನಮ್ಮ ಒಬ್ಬರೇ. ಅವರ ಜೊತೆಗೆ ಹಾಡುತ್ತಿದ್ದ ದುಗ್ಗಮ್ಮ ತೀರಿಕೊಂಡು ಎಷ್ಟೋ ಕಾಲವಾಗಿತ್ತು.

"ಅಜ್ಜಿ ಹಾಡಿಲ್ದೆ ಹಸೆಗೆ ಕೂರಲ್ಲ ಅಂತ ಕೂತಿದೆ ಆ ಹುಡುಗಿ," ಎಂದರು ಕೆರಿಯಪ್ಪ. "ಮನೇಲಿರೋ ಡಿವಿಡಿ ಎಲ್ಲ ಹಾಕಿ ನೋಡಿದ್ವಿ. ಎಲ್ಲದ್ರಲ್ಲೂ ಸಿನಿಮಾ. ನಿನ್ ಹತ್ರ ಮೂಲದ್ದು ಇರ್ಬೇಕಲ್ಲ, ಮಾರಾಯ?"

ಆಗ ಎಲ್ಲ ಸ್ಟುಡಿಯೋದವರೂ ಮಾಡುತ್ತಿದ್ದದ್ದು ಹಾಗೆಯೇ. ಜನರೇಟರಿನ ಗುಡುಗು, ಮಕ್ಕಳ ಅಳು, ಹೆಂಗಸರ ಹಾಡು, ಎಲ್ಲವೂ ಗಲಾಟೆಯ ಲೆಕ್ಕಕ್ಕೆ ಸೇರುತ್ತಿತ್ತು. ಅದನ್ನೆಲ್ಲ ಪೂರ್ತಿ ಇಳಿಸಿ ಅದರ ಮೇಲೆ ಸಿನಿಮಾ ಹಾಡು ಹಾಕಿಸಿದರೆ ಮಾತ್ರ ವಿಡಿಯೋ ಚೆಂದ. ಯಾವ ಹಾಡು ಎಲ್ಲಿ ಎಂದು ಮದುವೆ ಮನೆಯವರೇ ಹೇಳಿ ಕಳಿಸುತ್ತಿದ್ದರು. ಹಸೆ ಶಾಸ್ತ್ರಕ್ಕೆ ಯಾರೂ ಹಾಡು ಹೇಳುತ್ತಿರಲಿಲ್ಲವಾದ್ದರಿಂದ ಅಲ್ಲಿಗೆ ದಿನೇಶನೇ ತನಗೆ ತೋಚಿದ್ದನ್ನು ಆರಿಸುತ್ತಿದ್ದ.

"ಟೇಪು ಇದಾವೆ," ಎಂದ ದಿನೇಶ್.

ಯಮುನಮ್ಮ ಮೊದಲ ಬಾರಿಗೆ ಅವನ ಕಡೆ ತಿರುಗಿ ನೋಡಿದರು.

ಟೇಪುಗಳು ಮನೆಯ ಅಟ್ಟದಲ್ಲಿ ತಗಡಿನ ಟ್ರಂಕಿನಲ್ಲಿದ್ದವು. ಮುಚ್ಚಳ ತೆಗೆದಾಗ ಹಳೆಯ ಕಂಬಳಿಯ ವಾಸನೆ ಬಂತು. ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡ ಕ್ಯಾಸೆಟ್ಟುಗಳು, ಬೆನ್ನ ಮೇಲೆ ಅವನದೇ ಕೈಬರಹದಲ್ಲಿ ಊರಿನ ಹೆಸರುಗಳು. ಪಾರದರ್ಶಕ ಕಿಂಡಿಯಲ್ಲಿ ನೋಡಿದರೆ ಸುರುಳಿಯ ಅಂಚಿಗೆ ಬಿಳಿಯ ಬೂಷ್ಟು. ದಿನೇಶ್ ಸಾಗರದ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದವನು. ಯಾವುದನ್ನೂ ಪರೀಕ್ಷೆ ಮಾಡದೆ ನಂಬುವ ಅಭ್ಯಾಸವಿರಲಿಲ್ಲ. ಯಾರಿಗೂ ಬೇಡವಾದ ಒಂದು ಟೇಪನ್ನು ಹಳೆಯ ಕ್ಯಾಮೆರಾಕ್ಕೆ ಹಾಕಿ ಓಡಿಸಿದ. ಚೆನ್ನಾಗಿಯೇ ಓಡಿತು. ಹಿಂದಕ್ಕೆ ಸುತ್ತಿ ಮತ್ತೆ ಓಡಿಸಿದ. ಈ ಸಲ ನೀಲಿ ಚೌಕಗಳು, ಆಮೇಲೆ ಬರೀ ನೀಲಿ. ಕ್ಯಾಮೆರಾ ಬಿಚ್ಚಿ ನೋಡಿದರೆ ತಿರುಗುತ್ತ ಟೇಪನ್ನು ಓದುವ ತಲೆಯ ಮೇಲೆ ಕಂದು ಪುಡಿ ಕೂತಿತ್ತು. ಬೂಷ್ಟಿನ ಜೊತೆಗೆ ಟೇಪಿನ ಲೇಪವೇ ಎದ್ದು ಬಂದಿತ್ತು. ದೃಶ್ಯವೂ ದನಿಯೂ ಇದ್ದದ್ದು ಆ ಪುಡಿಯಲ್ಲಿ.

ಪ್ರತಿ ಟೇಪಿಗೂ ಇರುವುದು ಒಂದೇ ಓಟ. ಅಷ್ಟರಲ್ಲಿ ಅದನ್ನು ಕಂಪ್ಯೂಟರಿಗೆ ಇಳಿಸಿಬಿಡಬೇಕು.

ಕ್ಯಾಮೆರಾವನ್ನು ಕಂಪ್ಯೂಟರಿಗೆ ಜೋಡಿಸಿ ಇಳಿಸುವ ಕಾರ್ಡು ಅವನಲ್ಲಿರಲಿಲ್ಲ. ಆ ದಿನಗಳಲ್ಲಿ ಸುತ್ತಲಿನ ಸ್ಟುಡಿಯೋಗಳ ಟೇಪೆಲ್ಲ ತೀರ್ಥಹಳ್ಳಿಯ ಚಂದ್ರಯ್ಯನವರ ಮಿಕ್ಸಿಂಗ್ ಯೂನಿಟ್ಟಿಗೆ ಹೋಗುತ್ತಿದ್ದವು. ಚಂದ್ರಯ್ಯ ಈಗ ಅದೇ ಜಾಗದಲ್ಲಿ ಫ್ಲೆಕ್ಸ್ ಬ್ಯಾನರ್ ಹೊಡೆಯುತ್ತಿದ್ದರು. ಮಿಕ್ಸಿಂಗ್ ಕಂಪ್ಯೂಟರು ಮೂಲೆಯಲ್ಲಿ ಬಣ್ಣದ ಡಬ್ಬಿಗಳಿಗೆ ಮೇಜಾಗಿತ್ತು.

"ತಗಂಡ್ ಹೋಗು ಮಾರಾಯ, ಜಾಗ ಆದ್ರೂ ಆಗ್ತದೆ," ಎಂದು ಅವರೇ ಡಬ್ಬಿಗಳನ್ನು ಇಳಿಸಿದರು. "ಒಂದ್ ಮಾತು. ಇದ್ರಲ್ಲಿರೋದು ಹಳೇ ವಿಂಡೋಸ್ ಎಕ್ಸ್‌ಪಿ, ಮೊದಲ್ನೇ ಸಿಡೀದು. ಅದಕ್ಕೆ ಅಪ್‌ಡೇಟು ಗಿಪ್‌ಡೇಟು ಅಂತ ಏನೂ ಹಾಕ್ಬೇಡ. ಒಂದ್ಸಲ ಸರ್ವಿಸ್ ಪ್ಯಾಕ್ ಹಾಕಿ ಕಾರ್ಡು ಸತ್ತೇ ಹೋಗಿತ್ತು. ಮತ್ತೆ ಮೊದಲಿಂದ ಕೂರಿಸೋಕೆ ನಾನು ಪಟ್ಟ ಪಾಡು ನನ್ ವೈರಿಗೂ ಬೇಡ."

"ಇಳಿಸಿದ್ದನ್ನ ಎಲ್ಲಿ ಇಡ್ತಿದ್ರಿ? ಡಿಸ್ಕು ಇಷ್ಟೇ ಇಷ್ಟಿದೆ."

"ಇಡೋದೆಂತಕ್ಕೆ? ಡಿವಿಡಿ ಹೊಡೆಯೋದು, ಅಳಿಸೋದು. ನಿನ್ ಮದುವೇದ್ನೂ ಹಂಗೇ ಅಳಿಸಿದೀನಿ, ಸಿಟ್ಟು ಮಾಡ್ಕಬೇಡ."

ಮರುದಿನ ದಿನೇಶ್ ಸಾಗರಕ್ಕೆ ಹೋಗಿ ಕಂಪ್ಯೂಟರ್ ರಿಪೇರಿ ಅಂಗಡಿಯೊಂದರಿಂದ ಐನೂರು ಜಿಬಿಯ ಹಾರ್ಡ್ ಡಿಸ್ಕ್ ತಂದ. ಒಂದೊಂದು ಟೇಪಿಗೂ ಹದಿಮೂರು ಜಿಬಿ ಬೇಕಿತ್ತು. ಯಮುನಮ್ಮ ಹಾಡಿರಬಹುದಾದ ಮದುವೆಗಳನ್ನು ಆರಿಸಿದಾಗ ಟೇಪುಗಳು ಇಪ್ಪತ್ತರ ಹತ್ತಿರ ಬಂದಿದ್ದವು.

ಹಳೆಯ ಕಂಪ್ಯೂಟರು ಮೊದಲಿಗೆ ಡಿಸ್ಕು ಇರುವುದನ್ನೇ ಒಪ್ಪಲಿಲ್ಲ. ದಿನೇಶ್ ಹಿಂದಿನ ಸಣ್ಣ ಪಿನ್ನುಗಳ ಜೋಡಣೆ ಬದಲಿಸಿದ, ಕೇಬಲ್ಲು ಬದಲಿಸಿದ, ಕಂಪ್ಯೂಟರು ಏಳುವಾಗಲೇ ಕಾಣುವ ನೀಲಿ ಪರದೆಗೆ ಹೋಗಿ ಡಿಸ್ಕನ್ನು ಹುಡುಕಿಸಿದ. ಕೊನೆಗೆ ಎಕ್ಸ್‌ಪಿ ಅದನ್ನು ಗುರುತಿಸಿತು. ಆದರೆ ಐನೂರೆಂದಲ್ಲ. ನೂರಿಪ್ಪತ್ತೇಳು ಜಿಬಿ ಎಂದು ತೋರಿಸಿತು. ಮತ್ತೆ ಮತ್ತೆ ಕೇಳಿದರೂ ಅಷ್ಟೇ.

ನೂರಿಪ್ಪತ್ತೇಳರಲ್ಲಿ ಒಂಬತ್ತು ಟೇಪು ಹಿಡಿಯುತ್ತಿತ್ತು. ಒಂಬತ್ತು ಇಳಿಸುವುದು, ಡಿಸ್ಕು ಬಿಚ್ಚುವುದು, ಲ್ಯಾಪ್‌ಟಾಪಿಗೆ ನಕಲು ಮಾಡಿ ಮತ್ತೆ ಕೂರಿಸುವುದು. ಅದೂ ಆಗುವ ಕೆಲಸವೇ. ಆದರೆ ಕೇಬಲ್ಲಿನ ಒಂದು ಪಿನ್ನು ಆಗಲೇ ಸೊಟ್ಟಗಾಗಿತ್ತು. ಆ ಪೆಟ್ಟಿಗೆಯನ್ನು ಪದೇ ಪದೇ ಬಿಚ್ಚಲು ಅವನಿಗೆ ಧೈರ್ಯವಿರಲಿಲ್ಲ. ಇಂಟರ್‌ನೆಟ್ಟಿನಲ್ಲಿ ಹುಡುಕಿದ. ಸರ್ವಿಸ್ ಪ್ಯಾಕ್ ಹಾಕಿ ಎಂದವರೇ ಹೆಚ್ಚು. ಚಂದ್ರಯ್ಯ ಬೇಡವೆಂದದ್ದು ಅದನ್ನೇ. ಯಾರೋ ಒಬ್ಬ ಬರೆದಿದ್ದ: ಡಿಸ್ಕನ್ನು ಹೊಸ ಕಂಪ್ಯೂಟರಿನಲ್ಲಿ ಫಾರ್ಮ್ಯಾಟ್ ಮಾಡಿ ತಂದರೆ ಎಕ್ಸ್‌ಪಿ ಪೂರ್ತಿ ತೋರಿಸುತ್ತದೆ.

ಹಾಗೆಯೇ ಮಾಡಿದ. ಎಕ್ಸ್‌ಪಿ ಪೂರ್ತಿ ತೋರಿಸಿತು. ನಾನೂರ ಅರವತ್ತೈದು. ಐನೂರೆಂದು ಮಾರುವ ಡಿಸ್ಕು ತೋರಿಸಬೇಕಾದದ್ದು ಅಷ್ಟೇ.

ಆದರೂ ಪರೀಕ್ಷೆ ಮಾಡಿದ. ಒಂದು ದೊಡ್ಡ ಫೈಲನ್ನು ಅದಕ್ಕೆ ಬರೆದು, ಮರಳಿ ಓದಿ, ಮೂಲದ ಜೊತೆ ಹೋಲಿಸಿದ. ಒಂದಕ್ಷರದ ವ್ಯತ್ಯಾಸವಿರಲಿಲ್ಲ. ಕಂಪ್ಯೂಟರನ್ನು ಆರಿಸಿ ಹಚ್ಚಿ ಮತ್ತೆ ಹೋಲಿಸಿದ.

"ಆತಾ ನಿಮ್ಮ ಪ್ರಾಕ್ಟಿಕಲ್ಲು?" ಎಂದಳು ಹೆಂಡತಿ ಸುಷ್ಮಾ. ಸ್ಟುಡಿಯೋದ ಪಾಸ್‌ಪೋರ್ಟ್ ಫೋಟೋಗಳನ್ನು ಕತ್ತರಿಸುತ್ತ ಅವಳು ಇದನ್ನೆಲ್ಲ ನೋಡುತ್ತಿದ್ದಳು. "ಎಷ್ಟು ಮಾರ್ಕ್ಸ್ ಬಂತು?"

"ನೂರಕ್ಕೆ ನೂರು."

"ಹಂಗಾದ್ರೆ ಮೊದಲು ಯಮುನಕ್ಕನ ಹಸೆ ಹಾಡು ಆಗ್ಲಿ. ಒಳ್ಳೇದು ಮೊದಲು."

ಅವಳೇ ಕಂಪ್ಯೂಟರಿನ ತಲೆಯ ಮೇಲೆ ಒಂದು ದಾಸವಾಳ ಇಟ್ಟು ಊದುಬತ್ತಿ ಹಚ್ಚಿದಳು. ದಿನೇಶ್ ಬಟ್ಟೆಮಲ್ಲಪ್ಪ ಎಂದು ಊರಿನ ಹೆಸರು ಬರೆದಿದ್ದ ಟೇಪನ್ನು ಆರಿಸಿದ. ಅಲ್ಲಿಯ ಮದುವೆಯಲ್ಲಿ ಕರೆಂಟು ಹೋಗಿ, ಜನರೇಟರೂ ಕೆಟ್ಟು, ಹಸೆ ಶಾಸ್ತ್ರವೆಲ್ಲ ಯಂತ್ರದ ಗದ್ದಲವಿಲ್ಲದೆ ನಡೆದದ್ದು ಅವನಿಗೆ ನೆನಪಿತ್ತು. ಕ್ಯಾಮೆರಾದ ಬಾಗಿಲು ಮುಚ್ಚಿ, ಹೆಡ್‌ಫೋನ್ ಹಾಕಿಕೊಂಡು, ಗುಂಡಿ ಒತ್ತಿದ.

ಲಾಟೀನಿನ ಬೆಳಕು. ಕೆಂಪು ಗೋಡೆ. ಯಮುನಮ್ಮ ಒಮ್ಮೆ ಕೆಮ್ಮಿ, ಸೆರಗು ಸರಿಮಾಡಿಕೊಂಡು ಶುರು ಮಾಡಿದರು. ಅವನು ನೆನೆದದ್ದಕ್ಕಿಂತ ದಪ್ಪ ದನಿ, ಅಂಚಿನಲ್ಲಿ ಸ್ವಲ್ಪ ಒರಟು. ಅವಸರವಿಲ್ಲ. ಪ್ರತಿ ಹೆಸರಿಗೂ ಗೋಡೆಯ ಕಡೆ ಕೈ ತೋರಿಸುತ್ತ, ಆ ಗೆರೆಯನ್ನು ಈಗ ತಾನೇ ಎಳೆಯುತ್ತಿರುವ ಹಾಗೆ ಹಾಡುತ್ತಿದ್ದರು. ತೊಟ್ಟಿಲಿನ ಹತ್ತಿರ ಬಂದಾಗ ಹಿಂದಿನ ಹೆಂಗಸೊಬ್ಬಳು ಏನೋ ಕೀಟಲೆ ಮಾಡಿದಳು; ಯಮುನಮ್ಮ ಹಾಡಿನ ನಡುವೆಯೇ ನಕ್ಕು, ನಗುವನ್ನು ರಾಗಕ್ಕೆ ಸೇರಿಸಿಕೊಂಡರು. ಮೂಲೆಯ ಹಕ್ಕಿಯವರೆಗೂ ಬಂತು. ಇದೇ ಹೆಂಗಸಿನ ದನಿಯನ್ನು ತಾನು ಎಷ್ಟು ಮದುವೆಗಳಲ್ಲಿ ಸೊನ್ನೆಗೆ ಇಳಿಸಿದ್ದೆ ಎಂದು ದಿನೇಶನಿಗೆ ಹೊಳೆದು ಮುಖ ಬಿಸಿಯಾಯಿತು. ಆದರೂ ಒಳಗೆ ಸಂತೋಷವೇ ಹೆಚ್ಚಿತ್ತು.

"ಬಂತಾ?" ಎಂದಳು ಸುಷ್ಮಾ.

"ಪೂರ್ತಿ ಬಂತು."

"ನಂಗೂ ಕೇಳ್ಸಿ."

"ಈಗ ಬೇಡ. ಈ ಡಬ್ಬ ಎರಡು ಕೆಲಸ ಒಟ್ಟಿಗೆ ಮಾಡಲ್ಲ. ಮುಂದಿನ ಟೇಪು ಹಾಕ್ತೀನಿ."

"ಒಂದು ಪೆನ್‌ಡ್ರೈವಿಗಾದ್ರೂ ಹಾಕಿ ಇಡ್ರಿ, ಇವ್ರೇ."

"ಇದ್ರ ಯುಎಸ್‌ಬಿ ಎತ್ತಿನ ಗಾಡಿ. ಇದೊಂದನ್ನ ನಕಲು ಮಾಡೋಕೆ ಇಡೀ ದಿನ ಬೇಕು. ಎಲ್ಲ ಮುಗಿದ್ಮೇಲೆ ಡಿಸ್ಕೇ ಬಿಚ್ಚಿ ಲ್ಯಾಪ್‌ಟಾಪಿಗೆ ಹಾಕಿದ್ರಾಯ್ತು. ಯಮುನಕ್ಕನ್ನ ಕರೆಸಿ ಅವರ ಎದುರೇ ಹಾಕಣ."

ಆ ವಾರವೆಲ್ಲ ಬಿಡುವಾದಾಗಲೆಲ್ಲ ಟೇಪು ಓಡಿದವು. ಎಣ್ಣೆ ಹಚ್ಚುವ ಹಾಡು, ಬಾಗಿಲು ತಡೆಯುವ ಹಾಡು, ದುಗ್ಗಮ್ಮನ ಜೊತೆ ಸವಾಲಿಗೆ ಸವಾಲಾಗಿ ಹಾಡಿದ್ದು. ಹಸೆ ಹಾಡನ್ನು ಮಾತ್ರ, ಕೆರಿಯಪ್ಪನವರ ಮನೆಯ ಟೇಪೂ ಸೇರಿ, ಉಳಿದ ಎಲ್ಲದರಲ್ಲೂ ಜನರೇಟರಿನ ಗುಡುಗು ನುಂಗಿತ್ತು. ಮಂಡಗದ್ದೆಯ ಟೇಪಿನಲ್ಲಿ ಮೊದಲೆಲ್ಲ ದಿಬ್ಬಣದ ಬ್ಯಾಂಡ್‌ಸೆಟ್ಟೇ. ಕೊನೆಯಲ್ಲಿ ಯಮುನಮ್ಮ ಎರಡು ಸಾಲು ಹಾಡಿದ್ದರೆಂದು ಅದನ್ನೂ ಇಳಿಸಿದ. ಎಕ್ಸ್‌ಪಿಯ ಪರದೆಯಲ್ಲಿ ಡಿಸ್ಕಿನ ನೀಲಿ ಪಟ್ಟಿ ನಿಧಾನವಾಗಿ ತುಂಬುತ್ತ ಬಂತು, ಇನ್ನೂ ಅರ್ಧ ಖಾಲಿ ಎಂದು ತೋರಿಸುತ್ತ. ಎಲ್ಲೂ ಒಂದು ದೂರಿಲ್ಲ.

ಕೊನೆಯ ಟೇಪು ಮುಗಿದು ಕಂಪ್ಯೂಟರನ್ನು ಆರಿಸಿದ. ಕೆರಿಯಪ್ಪನವರಿಗೆ ಫೋನು ಮಾಡಿ ನಾಳೆ ಮಧ್ಯಾಹ್ನ ಬನ್ನಿ ಎಂದ.

ಬೆಳಿಗ್ಗೆ ಹಚ್ಚಿದರೆ ಎಕ್ಸ್‌ಪಿ ಏಳಲಿಲ್ಲ. ನೀಲಿ ಪರದೆಯ ಮೇಲೆ ಬಿಳಿ ಅಕ್ಷರಗಳು ಓಡತೊಡಗಿದವು. ಡಿಸ್ಕನ್ನು ಪರಿಶೀಲಿಸುತ್ತಿದೆ, ಈ ದಾಖಲೆ ಓದಲಾಗುತ್ತಿಲ್ಲ, ಅಳಿಸಲಾಗುತ್ತಿದೆ. ಮುಂದಿನದು ಓದಲಾಗುತ್ತಿಲ್ಲ, ಅಳಿಸಲಾಗುತ್ತಿದೆ. ದಿನೇಶ್ ಪ್ಲಗ್ಗನ್ನೇ ಕಿತ್ತ.

ಡಿಸ್ಕನ್ನು ಬಿಚ್ಚಿ ಲ್ಯಾಪ್‌ಟಾಪಿಗೆ ಜೋಡಿಸಿ, ಅಳಿದ ಫೈಲು ಹುಡುಕುವ ತಂತ್ರಾಂಶ ಹಾಕಿ, ಮೊದಲಿನಿಂದ ಕೊನೆಯವರೆಗೆ ಓದಿಸಿದ. ಸಿಕ್ಕಿದ್ದನ್ನು ನೋಡಿದಾಗಲೇ ಏನಾಗಿದೆ ಎಂದು ಅರ್ಥವಾದದ್ದು. ನೂರಿಪ್ಪತ್ತೇಳರ ಆಚೆ ಏನೂ ಇರಲಿಲ್ಲ. ಅಂಗಡಿಯಿಂದ ಬಂದ ದಿನ ಇದ್ದಷ್ಟೇ ಖಾಲಿ.

ಹಳೆಯ ಸ್ಕೂಟರಿನ ಮೀಟರು ಒಂಬತ್ತುಗಳೆಲ್ಲ ತುಂಬಿದ ಮೇಲೆ ಸೊನ್ನೆಗೆ ಮರಳುತ್ತದೆ. ಅದಕ್ಕೆ ಮುಂದಿನ ಮನೆಯಿಲ್ಲ. ಆ ಎಕ್ಸ್‌ಪಿ ಡಿಸ್ಕಿನ ಜಾಗಗಳನ್ನು ಎಣಿಸುತ್ತಿದ್ದದ್ದೂ ಹಾಗೆಯೇ. ಅದರ ಎಣಿಕೆ ಮುಗಿಯುವುದು ನೂರಿಪ್ಪತ್ತೇಳಕ್ಕೆ. ಆಮೇಲಿನದನ್ನು ಬರೆಯಲು ಹೇಳಿದರೆ ಅದು ಆಗುವುದಿಲ್ಲ ಎನ್ನಲಿಲ್ಲ. ಮತ್ತೆ ಸೊನ್ನೆಯಿಂದ ಬರೆಯುತ್ತ ಹೋಯಿತು. ಹತ್ತನೆಯ ಟೇಪಿನ ನಡುವಿನಿಂದ ಬಂದದ್ದೆಲ್ಲ ಮೊದಲಿನವುಗಳ ಮೇಲೆ ಕೂತಿತ್ತು. ಎಲ್ಲಕ್ಕಿಂತ ಮೊದಲು ಇದ್ದದ್ದು ಬಟ್ಟೆಮಲ್ಲಪ್ಪದ ಹಸೆ ಹಾಡು. ಮೇಲೆ ಕೂತದ್ದು ಅಲ್ಲಲ್ಲಿ ಜಾಗ ಬಿಟ್ಟಿದ್ದರಿಂದ ಆ ಹಾಡಿನ ಮೊದಲ ಒಂದು ತುಂಡು ಮಾತ್ರ ಉಳಿದಿತ್ತು.

ಡಿಸ್ಕು ಹಾಕಿದ ಮೊದಲ ದಿನವೇ ಕಂಪ್ಯೂಟರು ನಿಜ ಹೇಳಿತ್ತು. ಅದರ ಬಾಯಲ್ಲಿ ನಾನೂರ ಅರವತ್ತೈದು ಎಂದು ಹೇಳಿಸಿದವನು ತಾನು. ಆಮೇಲೆ ಮಾಡಿದ ಪರೀಕ್ಷೆಯಲ್ಲಿಯೂ ತಪ್ಪಿರಲಿಲ್ಲ. ಆದರೆ ಬರೆದು ನೋಡಿದ ಆ ಫೈಲು ಡಿಸ್ಕಿನ ಬಾಗಿಲಿನಲ್ಲೇ ಕೂತಿತ್ತು. ಸೇತುವೆಯ ಈಚೆ ತುದಿಯಲ್ಲಿ ನಿಂತು ಕಾಲಿನಿಂದ ಒದ್ದು, ಗಟ್ಟಿಯಿದೆ ಎಂದ ಹಾಗೆ.

ಬಟ್ಟೆಮಲ್ಲಪ್ಪದ ಟೇಪನ್ನು ಕ್ಯಾಮೆರಾಕ್ಕೆ ಮತ್ತೆ ಹಾಕಿದ. ನೀಲಿ. ತಲೆಯನ್ನು ಸ್ಪಿರಿಟ್ಟಿನಿಂದ ಒರೆಸಿ ಮತ್ತೆ ಹಾಕಿದ. ನೀಲಿ. ಮೂರನೆಯ ಸಲ ಟೇಪು ಒಳಗೆ ಸುತ್ತಿಕೊಂಡು ಹರಿಯಿತು.

ಸುಷ್ಮಾ ಬಾಗಿಲಲ್ಲಿ ನಿಂತಿದ್ದಳು. ಬೈಯುತ್ತಾಳೆ ಎಂದುಕೊಂಡಿದ್ದ. ಅವಳು ಕೇಳಿದ್ದು ಒಂದೇ: "ನೀವು ಕೇಳಿದ್ರಲ್ಲ. ಹೆಂಗಿತ್ತು?"

ದಿನೇಶ್ ಹರಿದ ಟೇಪನ್ನು ಕ್ಯಾಮೆರಾದಿಂದ ಬಿಡಿಸತೊಡಗಿದ. ಆ ಹಾಡನ್ನು ಪೂರ್ತಿ ಕೇಳಿದ ಕೊನೆಯ ಮನುಷ್ಯ ತಾನು, ಅದೂ ಹೆಡ್‌ಫೋನ್ ಹಾಕಿಕೊಂಡು, ಒಬ್ಬನೇ.

ಮಧ್ಯಾಹ್ನ ಕೆರಿಯಪ್ಪ ಬಿಳಿ ಅಂಗಿ ಹಾಕಿಕೊಂಡು ಬಂದರು. ಯಮುನಮ್ಮ ಹೊಸ ಸೀರೆ ಉಟ್ಟಿದ್ದರು, ಕುತ್ತಿಗೆಯ ಬಟ್ಟೆಯೂ ಅದೇ ಬಣ್ಣದ್ದು. ದಿನೇಶ್ ಸುತ್ತಿ ಬಳಸದೆ ಹೇಳಿದ. ಹಾಡು ಬಂದಿತ್ತು, ತನ್ನ ಕೈಯಿಂದ ಹೋಯಿತು, ಟೇಪು ಇನ್ನು ಓಡುವುದಿಲ್ಲ, ಒಂದು ತುಂಡು ಮಾತ್ರ ಸಿಕ್ಕಿದೆ.

ಕೆರಿಯಪ್ಪ ಕುರ್ಚಿ ಎಳೆದು ಕೂತರು. "ಒಂದ್ಸಲ ನೀನೇ ಬೇಕೂಂತ ಅಳಿಸ್ದೆ," ಎಂದರು. "ಈಗ ಬ್ಯಾಡಾಂದ್ರೂ ಅಳಿಸ್ದೆ. ಎಂತ ಹೇಳ್ಬೇಕು ಮಾರಾಯ ನಿಂಗೆ?"

ಯಮುನಮ್ಮ ಬೆರಳಿನಿಂದ ಪರದೆಯನ್ನು ತೋರಿಸಿದರು. ಹಾಕು.

ಹಾಕಿದ. ಲಾಟೀನು, ಕೆಂಪು ಗೋಡೆ, ಒಂದು ಕೆಮ್ಮು. ಆಮೇಲೆ ಆ ದನಿ. ಕೆರಿಯಪ್ಪ ಬೆನ್ನು ನೆಟ್ಟಗೆ ಮಾಡಿಕೊಂಡರು. ಕಂಬ ಬಂತು, ಏಣಿ ಬಂತು. ತೊಟ್ಟಿಲಿನ ಹತ್ತಿರ ಯಮುನಮ್ಮ ನಗಲು ಶುರು ಮಾಡಿದರು, ಪರದೆಯ ಯಮುನಮ್ಮ. ಆ ನಗು ಪೂರ್ತಿಯಾಗುವ ಮೊದಲೇ ದೃಶ್ಯ ಒಡೆದು, ಮಂಡಗದ್ದೆಯ ಬಿಸಿಲಿನಲ್ಲಿ ಕೆಂಪು ಕೋಟಿನ ಬ್ಯಾಂಡ್‌ಸೆಟ್ಟಿನವರು ಸಿನಿಮಾ ಹಾಡು ಬಾರಿಸತೊಡಗಿದರು.

ದಿನೇಶ್ ನಿಲ್ಲಿಸಲು ಕೈ ಚಾಚಿದ. "ಬ್ಯಾಂಡ್ ಬರೋ ಜಾಗಕ್ಕೆ ಕಟ್ ಮಾಡಿ ಕೊಡ್ತೀನಿ ಅಕ್ಕ. ಇಷ್ಟಾದ್ರೂ ಸರಿಯಾಗಿ..."

ಯಮುನಮ್ಮ ಅವನ ಮಣಿಕಟ್ಟು ಹಿಡಿದರು. ಗಟ್ಟಿ ಹಿಡಿತ. ಕೈಯನ್ನು ಮೌಸಿನಿಂದ ಎತ್ತಿ ಅವನ ತೊಡೆಯ ಮೇಲಿಟ್ಟರು. ತಮ್ಮ ಇನ್ನೊಂದು ಕೈಯಿಂದ ಮೇಜಿನ ಮೇಲೆ ತಾಳ ಹಾಕುತ್ತಿದ್ದರು. ಬ್ಯಾಂಡಿನ ತಾಳವಲ್ಲ, ಅದು ಬೇರೆ. ತುಟಿಗಳು ಆಡುತ್ತಿದ್ದವು. ಸಸಿಗಳನ್ನು ದಾಟಿ ಹಾಡು ಎಲ್ಲಿಗೋ ಬಂದಿರಬೇಕು. ಕುತ್ತಿಗೆಯ ಬಟ್ಟೆ ಉಸಿರಿಗೆ ಉಬ್ಬಿ ಇಳಿಯುತ್ತಿತ್ತು.

"ಕಟ್ ಮಾಡ್ಬೇಡ ಅಂತಾಳೆ," ಎಂದರು ಕೆರಿಯಪ್ಪ. ದನಿ ಕೆಳಗಿಳಿದಿತ್ತು. "ನೀನು ಕಟ್ ಮಾಡಿದ್ದು ಸಾಕಂತೆ."

ಮದುವೆಗೆ ದಿನೇಶ್ ಕ್ಯಾಮೆರಾ ಹಿಡಿದು ಹೋದ. ಬರಬೇಡ ಎಂದು ಅವರು ಹೇಳಿರಲಿಲ್ಲ. ಹಸೆಗೋಡೆಯನ್ನು ಯಮುನಮ್ಮನೇ ಬರೆದಿದ್ದರು. ಮೂಲೆಯಲ್ಲಿ ಹಕ್ಕಿಯೂ ಇತ್ತು. ಧನ್ಯಶ್ರೀ ಹಸೆಗೆ ಕೂತು, ತನ್ನ ಮೊಬೈಲನ್ನು ಸೌಂಡ್ ಬಾಕ್ಸಿಗೆ ಜೋಡಿಸಿ, ಅಜ್ಜಿಯ ಕಡೆ ನೋಡಿ, ದಿನೇಶ್ ಕಟ್ ಮಾಡದೆ ಕೊಟ್ಟಿದ್ದ ಹಾಡನ್ನು ಹಚ್ಚಿದಳು.

ಚಪ್ಪರದ ಗದ್ದಲ ಒಮ್ಮೆಗೇ ನಿಂತಿತು. ಒಬ್ಬಿಬ್ಬರು ಹೆಂಗಸರು ಸೊಲ್ಲು ಹಿಡಿದರು, ಮರೆತಿದ್ದನ್ನು ತಡವರಿಸುತ್ತ. ಕಂಬ. ಏಣಿ. ತೊಟ್ಟಿಲು. ನಗು ಶುರುವಾಯಿತು, ಅಲ್ಲಿಗೆ ಬ್ಯಾಂಡು ನುಗ್ಗಿತು.

"ದಿಬ್ಬಣ ಬಂತು!" ಎಂದು ಯಾರೋ ಕೂಗಿದರು. ಕೂತವರೆಲ್ಲ ದಡಬಡಿಸಿ ಎದ್ದರು. ಗಂಡಸರು ಪಂಚೆ ಎತ್ತಿ ಕಟ್ಟಿಕೊಂಡು ರಸ್ತೆಯ ಕಡೆ ನಡೆದರು, ಸೊಲ್ಲು ಹಿಡಿದಿದ್ದ ಹೆಂಗಸರೂ ಆರತಿ ತಟ್ಟೆಗೆಂದು ಒಳಗೆ ಓಡಿದರು. ರಸ್ತೆಯಲ್ಲಿ ಯಾರೂ ಇರಲಿಲ್ಲ.

ದಿನೇಶ್ ಕ್ಯಾಮೆರಾವನ್ನು ಗೋಡೆಯ ಕಡೆಯೇ ಹಿಡಿದಿದ್ದ. ಖಾಲಿಯಾದ ಚಪ್ಪರದಲ್ಲಿ ಬ್ಯಾಂಡು ಬಾರಿಸುತ್ತಲೇ ಇತ್ತು. ಯಮುನಮ್ಮ ಗೋಡೆಯ ಪಕ್ಕದಲ್ಲಿ ನಿಂತು, ಒಂದೊಂದೇ ಗೆರೆಗೆ ಕೈ ತೋರಿಸುತ್ತ, ಬಾಯಿ ಆಡಿಸುತ್ತ, ಮೂಲೆಯ ಹಕ್ಕಿಯ ಕಡೆಗೆ ಬರುತ್ತಿದ್ದರು.